ಫ್ಯಾಂಟಸಿ ಕಾದಂಬರಿಯೋ ರಾಜಕೀಯ ಜೀವನಚರಿತ್ರೆಯೋ: ಓದುಗರ ಪ್ರತಿಕ್ರಿಯೆ ನೋಡಿ ಪುಸ್ತಕ ಆರಿಸುವವರಿಗೆ ಒಂದು ಹೋಲಿಕೆ

ಮುಂದೆ ಯಾವ ಪುಸ್ತಕ ಓದಬೇಕೆಂದು ನಿರ್ಧರಿಸುವ ಮೊದಲು ಇತರ ಓದುಗರು ಏನು ಹೇಳಿದ್ದಾರೆಂದು ನೋಡುವುದು ಈಗ ಬಹುತೇಕರ ರೂಢಿ. ಎರಡು ಬಗೆಯ ಪುಸ್ತಕಗಳ ವಿಷಯದಲ್ಲಿ ಈ ರೂಢಿ ನಮ್ಮನ್ನು ಮತ್ತೆ ಮತ್ತೆ ದಾರಿ ತಪ್ಪಿಸುತ್ತದೆ. ಒಂದು, ಹದಿಹರೆಯದವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿ; ಅದರಲ್ಲೂ, ಬಹುಕಾಲ ಕಥೆಯ ಅಂಚಿನಲ್ಲಿ ನಿಂತಿದ್ದ ಮೈಬಣ್ಣ, ಲಿಂಗತ್ವ, ಅಂಗವೈಕಲ್ಯ, ನಂಬಿಕೆಗಳ ಪಾತ್ರಗಳನ್ನು ನಟ್ಟನಡುವೆ ತಂದು ನಿಲ್ಲಿಸುವ, ಎಲ್ಲರನ್ನೂ ಒಳಗೊಳ್ಳುವ ಕಾದಂಬರಿ. ಇನ್ನೊಂದು, ಅಧಿಕಾರ ನಡೆಸಿದವರ ಬದುಕನ್ನು ಪತ್ರ, ಕಡತ, ಸಂದರ್ಶನಗಳಿಂದ ಕಟ್ಟಿಕೊಡುವ ರಾಜಕೀಯ ಜೀವನಚರಿತ್ರೆ. ಒಂದಕ್ಕೆ ಸಿಕ್ಕ ನಾಲ್ಕು ಸ್ಟಾರ್ ಮತ್ತು ಇನ್ನೊಂದಕ್ಕೆ ಸಿಕ್ಕ ನಾಲ್ಕು ಸ್ಟಾರ್ ಒಂದೇ ತೂಕದವಲ್ಲ, ಏಕೆಂದರೆ ಅವನ್ನು ಕೊಟ್ಟವರು ಪುಸ್ತಕದ ಮುಂದಿಟ್ಟ ಪ್ರಶ್ನೆಗಳೇ ಬೇರೆ. ಪ್ರತಿಕ್ರಿಯೆ ಬರೆದವರು ಏನನ್ನು ಹುಡುಕಿಕೊಂಡು ಆ ಪುಸ್ತಕಕ್ಕೆ ಬಂದಿದ್ದರು ಎಂಬುದು ತಿಳಿಯದ ಹೊರತು ಅವರ ಮೆಚ್ಚುಗೆಯಾಗಲಿ ಸಿಟ್ಟಾಗಲಿ ನಮ್ಮ ಆಯ್ಕೆಗೆ ನೆರವಾಗುವುದಿಲ್ಲ. ಈ ಎರಡು ಪ್ರಕಾರಗಳ ನಡುವೆ, ತಮಗಾಗಿಯೋ ಮನೆಯ ಹದಿಹರೆಯದವರಿಗಾಗಿಯೋ, ಒಂದನ್ನು ಆರಿಸಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಇಬ್ಬರು ಓದುಗರು, ಎರಡು ಹುಡುಕಾಟ

ನಾನು ಸೇರಿರುವ ಓದುಗರ ಬಳಗದಲ್ಲಿ ಕಂಡ ಎರಡು ಪ್ರಸಂಗಗಳಿಂದ ಆರಂಭಿಸುತ್ತೇನೆ. ಹದಿನೈದರ ಆಸುಪಾಸಿನ ಹುಡುಗಿಯೊಬ್ಬಳು ಒಮ್ಮೆ ಒಂದು ಫ್ಯಾಂಟಸಿ ಕಾದಂಬರಿಯನ್ನು ತಂದಿದ್ದಳು. ಅವಳಿಗೆ ಕಿವಿ ಮಂದ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಒಂದೇ ಒಂದು ಪುಟದ ಮೂಲೆಯನ್ನು ಮಡಿಸಿಟ್ಟಿದ್ದಳು. ಆ ಪುಟದಲ್ಲಿ ಕಥಾನಾಯಕಿ ರಾಜಸಭೆಗೆ ಎಲ್ಲರಿಗಿಂತ ಮೊದಲೇ ಹೋಗಿ, ಕಿಟಕಿಗೆ ಬೆನ್ನು ಮಾಡಿದ ಆಸನವೊಂದನ್ನು ಹುಡುಕಿ ಕೂರುತ್ತಾಳೆ. ಹಾಗೆ ಕೂತರೆ ಬೆಳಕು ಎದುರಿಗಿರುವವರ ಮುಖದ ಮೇಲೆ ಬೀಳುತ್ತದೆ, ತುಟಿಗಳ ಚಲನೆ ಕಾಣುತ್ತದೆ. ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟು, "ತರಗತಿಯಲ್ಲಿ ನಾನು ಜಾಗ ಹಿಡಿಯುವುದೂ ಹೀಗೇ. ಬರೆದವರಿಗೆ ಇದು ಹೇಗೆ ಗೊತ್ತಾಯಿತು?" ಎಂದು ಕೇಳಿದಳು. ಇಷ್ಟಾದರೂ ಅವಳು ಆ ಪುಸ್ತಕಕ್ಕೆ ಕೊಟ್ಟಿದ್ದು ಎರಡೇ ಸ್ಟಾರ್. ಕೊನೆಯ ಅಧ್ಯಾಯದಲ್ಲಿ ಮಂತ್ರಶಕ್ತಿಯಿಂದ ನಾಯಕಿಯ ಕಿವಿ ಸರಿಹೋಗಿಬಿಡುತ್ತದೆ. ಕಥೆ ಸುಖವಾಗಿ ಮುಗಿಯಬೇಕಾದರೆ ತನ್ನಂಥವಳು ತನ್ನಂತೆ ಉಳಿಯಬಾರದೇ ಎಂಬುದು ಅವಳ ಪ್ರಶ್ನೆಯಾಗಿತ್ತು.

ಅದೇ ಬಳಗದ ಹಿರಿಯರೊಬ್ಬರು ರಾಜಕೀಯ ಜೀವನಚರಿತ್ರೆ ಕೈಗೆ ಬಂದ ಕೂಡಲೇ ಕೊನೆಯಲ್ಲಿರುವ ಪದಸೂಚಿಯನ್ನು ತೆರೆಯುತ್ತಾರೆ. ಅವರ ತಂದೆ ಯೌವನದಲ್ಲಿ ದೊಡ್ಡ ಮುಷ್ಕರವೊಂದರಲ್ಲಿ ಪಾಲ್ಗೊಂಡು ಕೆಲಸ ಕಳೆದುಕೊಂಡವರು. ಆ ಹೊತ್ತಿನಲ್ಲಿ ಮಂತ್ರಿಯಾಗಿದ್ದವರ ಜೀವನಚರಿತ್ರೆ ಪ್ರಕಟವಾದಾಗ ಇವರು ಮೊದಲು ಹುಡುಕಿದ್ದು ಆ ಮುಷ್ಕರವನ್ನು. ಎಂಟುನೂರು ಚಿಲ್ಲರೆ ಪುಟಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದೂವರೆ ಸಾಲು. ಆ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ತೆಳುವಾಗಿ ಗೆರೆ ಎಳೆದು, ಮತ್ತೆ ಮೊದಲ ಪುಟಕ್ಕೆ ಮರಳಿ, ಎರಡು ತಿಂಗಳು ತೆಗೆದುಕೊಂಡು ಇಡೀ ಪುಸ್ತಕವನ್ನು ಓದಿದರು. ಕೊನೆಗೆ ಅವರು ಕೊಟ್ಟಿದ್ದು ನಾಲ್ಕು ಸ್ಟಾರ್. ಸಚಿವ ಸಂಪುಟದೊಳಗೆ ಒಂದು ನಿರ್ಧಾರ ಹೇಗೆ ಹಣ್ಣಾಗುತ್ತದೆ ಎಂಬುದನ್ನು ಇಷ್ಟು ವಿವರವಾಗಿ ತಾವು ಬೇರೆಲ್ಲೂ ಓದಿಲ್ಲವೆಂದು ಬರೆದು, ಮುಷ್ಕರದ ಬಗೆಗಿನ ಮೌನವನ್ನು ಒಂದೇ ವಾಕ್ಯದಲ್ಲಿ ಸೇರಿಸಿದ್ದರು.

ಎದೆಗೆ ತಾಕಿದ ಪುಟವಿದ್ದ ಪುಸ್ತಕಕ್ಕೆ ಎರಡು, ತಂದೆಯ ಕಷ್ಟವನ್ನು ದಾಟಿಹೋದ ಪುಸ್ತಕಕ್ಕೆ ನಾಲ್ಕು. ಅಂಕಿಯನ್ನಷ್ಟೇ ನೋಡಿದವರಿಗೆ ಇಬ್ಬರ ಅನುಭವವೂ ತಲೆಕೆಳಗಾಗಿಯೇ ತಲುಪುತ್ತದೆ.

ಫ್ಯಾಂಟಸಿಯ ಓದುಗರಲ್ಲಿ ಈ ಹುಡುಕಾಟ ಏಕೆ ಇಷ್ಟು ತೀವ್ರ ಎಂಬುದಕ್ಕೆ ಹಿನ್ನೆಲೆಯಿದೆ. ಅಮೆರಿಕದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ ಅವರು 1990ರ ಒಂದು ಪ್ರಬಂಧದಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಜಾರುಬಾಗಿಲಿಗೂ ಹೋಲಿಸಿದರು: ಒಂದರಲ್ಲಿ ಮಗು ತನ್ನನ್ನು ಕಾಣುತ್ತದೆ, ಇನ್ನೊಂದರಲ್ಲಿ ಬೇರೆಯವರನ್ನು ನೋಡುತ್ತದೆ, ಮೂರನೆಯದರಲ್ಲಿ ಆ ಲೋಕದೊಳಗೆ ಕಾಲಿಡುತ್ತದೆ. ಕನ್ನಡಿಗಳ ಕೊರತೆ ಎಷ್ಟಿತ್ತೆಂದರೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದ ಎಣಿಕೆಯಂತೆ 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸುಮಾರು 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಬಗೆಗಿನವು 93 ಮಾತ್ರ. ಮರುವರ್ಷ, ಅಂದರೆ 2014ರಲ್ಲಿ, ಮಕ್ಕಳ ಸಾಹಿತ್ಯದಲ್ಲಿ ವೈವಿಧ್ಯ ಬೇಕೆಂಬ 'ವಿ ನೀಡ್ ಡೈವರ್ಸ್ ಬುಕ್ಸ್' ಎಂಬ ದೊಡ್ಡ ಅಭಿಯಾನವೇ ಹುಟ್ಟಿಕೊಂಡಿತು. ಇಷ್ಟು ಕಾದು ಕೂತ ಓದುಗರಿಗೆ ಸಿಕ್ಕ ಒಂದು ಕನ್ನಡಿ ಸ್ವಲ್ಪ ಸೊಟ್ಟಗಿದ್ದರೂ ಆಗುವ ನೋವು ದೊಡ್ಡದು. ಅವರ ಪ್ರತಿಕ್ರಿಯೆಯಲ್ಲಿನ ತೀಕ್ಷ್ಣತೆಯನ್ನು ಅತಿ ಸೂಕ್ಷ್ಮತೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ.

ಜೀವನಚರಿತ್ರೆಯ ಓದುಗರಲ್ಲಿ ಬಹುಪಾಲು ಜನ ಆ ನಾಯಕರ ಬಗ್ಗೆ ಒಂದು ತೀರ್ಪನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಅಭಿಮಾನಿಗೆ ಟೀಕೆಯ ಅಧ್ಯಾಯ ಪಿತೂರಿಯಾಗಿ ಕಾಣುತ್ತದೆ. ವಿರೋಧಿಗೆ ಮೆಚ್ಚುಗೆಯ ಅಧ್ಯಾಯ ಭಟ್ಟಂಗಿತನವಾಗಿ ಕಾಣುತ್ತದೆ. ಒಂದೇ ಪುಸ್ತಕವನ್ನು ಕೆಲವರು ಸ್ತುತಿ ಎಂದೂ ಕೆಲವರು ನಿಂದೆ ಎಂದೂ ಕರೆದಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದೇ ನಾನು ಎಣಿಸುತ್ತೇನೆ. ಎಲ್ಲರೂ ಒಂದೇ ದನಿಯಲ್ಲಿ ಹೊಗಳಿದ ರಾಜಕೀಯ ಜೀವನಚರಿತ್ರೆಯನ್ನು ಕೈಗೆತ್ತಿಕೊಳ್ಳುವ ಮೊದಲು ಅದನ್ನು ಯಾರು, ಯಾವಾಗ, ಯಾರ ಅನುಮತಿಯಿಂದ ಬರೆದರು ಎಂದು ನೋಡಬೇಕು. 1852ರಲ್ಲಿ ಫ್ರಾಂಕ್ಲಿನ್ ಪಿಯರ್ಸ್ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರ ಜೀವನಚರಿತ್ರೆಯನ್ನು ಬರೆದವರು ಕಾಲೇಜು ದಿನಗಳ ಗೆಳೆಯರಾದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್. ಪಿಯರ್ಸ್ ಗೆದ್ದ ಮೇಲೆ ಹಾಥಾರ್ನ್ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿ ನೇಮಕಗೊಂಡರು. ಚುನಾವಣೆಯ ಆಸುಪಾಸಿನಲ್ಲಿ ಹೊರಬರುವ ಜೀವನಚರಿತ್ರೆಗಳನ್ನು ಓದುವಾಗ ಈ ಪ್ರಸಂಗ ನನಗೆ ನೆನಪಾಗುತ್ತದೆ.

ಕಲ್ಪನೆಗೆ ಎಷ್ಟು ಅವಕಾಶ

ಎರಡು ಪ್ರಕಾರಗಳ ಓದುಗರು ಲೇಖಕರಿಗೆ ಕೊಡುವ ಸ್ವಾತಂತ್ರ್ಯದಲ್ಲಿ ದೊಡ್ಡ ವ್ಯತ್ಯಾಸವಿದೆ. ಫ್ಯಾಂಟಸಿಯಲ್ಲಿ ನದಿ ಮೇಲ್ಮುಖವಾಗಿ ಹರಿದರೂ, ಸತ್ತವರು ಮಾತನಾಡಿದರೂ ಓದುಗರ ತಕರಾರಿಲ್ಲ. ಆದರೆ ನಿಜವಾದ ಒಂದು ಜನಾಂಗದ ದೇವರು, ಹೆಸರು, ಕೂದಲು, ಶೋಕಾಚರಣೆಗಳಿಂದ ಪಡೆದ ವಿವರ ತಪ್ಪಾದರೆ ಆ ಸಮುದಾಯದ ಓದುಗರು ಅದನ್ನು ಕ್ಷಮಿಸುವುದಿಲ್ಲ. ಲೋಕ ಕಲ್ಪಿತವಾದರೂ ಅದಕ್ಕೆ ಬಳಸಿದ ಮಣ್ಣು ತಮ್ಮದು ಎಂಬುದು ಅವರ ನಿಲುವು, ಮತ್ತು ಅದು ನ್ಯಾಯವಾದ ನಿಲುವು. ಒಂದು ಅಂಚಿನ ಗುರುತಿನ ಪಾತ್ರಗಳನ್ನು ಅದೇ ಗುರುತಿನ ಲೇಖಕರು ಬರೆದ ಪುಸ್ತಕಗಳನ್ನು ಗುರುತಿಸಲೆಂದು 2015ರಲ್ಲಿ ಲೇಖಕಿ ಕೊರಿನ್ ಡೌವಿಸ್ 'ಓನ್ ವಾಯ್ಸಸ್' ಎಂಬ ಹ್ಯಾಷ್‌ಟ್ಯಾಗ್ ಆರಂಭಿಸಿದರು. ಅದು ಬೇಗನೆ ಹರಡಿತು. ಆದರೆ ಕ್ರಮೇಣ ಮಾರಾಟದ ಹಣೆಪಟ್ಟಿಯಾಯಿತು, ಲೇಖಕರು ತಮ್ಮ ಖಾಸಗಿ ಬದುಕನ್ನು ಬಯಲು ಮಾಡಬೇಕಾದ ಒತ್ತಡಕ್ಕೂ ಕಾರಣವಾಯಿತು. 2021ರಲ್ಲಿ, ಅದನ್ನು ಬಳಸುತ್ತಿದ್ದ 'ವಿ ನೀಡ್ ಡೈವರ್ಸ್ ಬುಕ್ಸ್' ಸಂಸ್ಥೆಯೇ ಆ ಪದವನ್ನು ಕೈಬಿಟ್ಟಿತು. ಹಾಗಾಗಿ ಹಳೆಯ ಪ್ರತಿಕ್ರಿಯೆಗಳಲ್ಲಿ ಈ ಪದ ಕಂಡರೆ ಅದನ್ನು ಗುಣಮಟ್ಟದ ಮುದ್ರೆ ಎಂದು ತಿಳಿಯದೆ, ಲೇಖಕರ ಹಿನ್ನೆಲೆಯ ಬಗೆಗಿನ ಒಂದು ಸುಳಿವೆಂದಷ್ಟೇ ತೆಗೆದುಕೊಳ್ಳುವುದು ಸರಿ.

ಜೀವನಚರಿತ್ರೆಯಲ್ಲಿ ಕಲ್ಪನೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ರೊನಾಲ್ಡ್ ರೇಗನ್ ಅವರ ಅಧಿಕೃತ ಜೀವನಚರಿತ್ರೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಥಿಯೊಡೋರ್ ರೂಸ್‌ವೆಲ್ಟ್ ಕುರಿತ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಎಡ್ಮಂಡ್ ಮಾರಿಸ್ ಅವರಿಗೆ, ಅಧಿಕಾರದಲ್ಲಿರುವ ಅಧ್ಯಕ್ಷರನ್ನು ಹತ್ತಿರದಿಂದ ಕಾಣುವ ಅಪರೂಪದ ಅವಕಾಶ ಸಿಕ್ಕಿತ್ತು. ವರ್ಷಗಟ್ಟಲೆ ದುಡಿದು 1999ರಲ್ಲಿ ಅವರು ಹೊರತಂದ 'ಡಚ್' ಕೃತಿಯಲ್ಲಿ, ರೇಗನ್ ಅವರನ್ನು ಹದಿಹರೆಯದ ದಿನಗಳಿಂದ ಬಲ್ಲ ಒಬ್ಬ ಕಾಲ್ಪನಿಕ ನಿರೂಪಕನಿದ್ದ. ಇಲ್ಲದ ಮನುಷ್ಯರ ಮಾತುಗಳಿಗೆ ಅಡಿಟಿಪ್ಪಣಿಗಳೂ ಇದ್ದವು. ಓದುಗರು ಕೆರಳಿದರು. ಬರವಣಿಗೆಯ ಚೆಲುವನ್ನು ಒಪ್ಪಿಕೊಂಡವರಿಗೂ, ಯಾವ ಸಾಲನ್ನು ನಂಬಬೇಕು ಯಾವುದನ್ನು ನಂಬಬಾರದು ಎಂಬ ಅನುಮಾನ ಒಮ್ಮೆ ಹೊಕ್ಕ ಮೇಲೆ ಇಡೀ ಪುಸ್ತಕವೇ ಕೈತಪ್ಪಿತು. ಜೀವನಚರಿತ್ರೆಯ ಪ್ರತಿಕ್ರಿಯೆಗಳಲ್ಲಿ "ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ" ಎಂಬ ಮೆಚ್ಚುಗೆ ಮೇಲಿಂದ ಮೇಲೆ ಕಾಣುತ್ತದೆ. ಅಂಥ ಕಡೆ, ನಾಯಕರು ಒಬ್ಬರೇ ಇದ್ದಾಗ ಆಡಿದ ಮಾತು, ಪಟ್ಟ ಚಿಂತೆಗಳು ಲೇಖಕರಿಗೆ ಎಲ್ಲಿಂದ ತಿಳಿದವು ಎಂದು ಪುಸ್ತಕದ ಟಿಪ್ಪಣಿಗಳಲ್ಲಿ ಹುಡುಕಿ ನೋಡಬೇಕು.

ಓದುವ ಮೊದಲೇ ಬಂದ ತೀರ್ಪುಗಳು

ಈ ಒಂದು ವಿಷಯದಲ್ಲಿ ಎರಡೂ ಪ್ರಕಾರಗಳ ಪಾಡು ಒಂದೇ. ಅಮೆಲಿ ವೆನ್ ಝಾವ್ ಅವರ ಮೊದಲ ಫ್ಯಾಂಟಸಿ ಕಾದಂಬರಿ 'ಬ್ಲಡ್ ಏರ್' 2019ರ ಜೂನಿನಲ್ಲಿ ಬರಬೇಕಿತ್ತು. ಅದರಲ್ಲಿ ಗುಲಾಮಗಿರಿಯನ್ನು ಚಿತ್ರಿಸಿದ ರೀತಿಯ ಬಗ್ಗೆ ಜನವರಿಯಲ್ಲೇ ಸಾಮಾಜಿಕ ಜಾಲತಾಣದಲ್ಲಿ ಆಕ್ಷೇಪ ಎದ್ದಿತು. ಬಿಡುಗಡೆಗೆ ಮುನ್ನ ಓದಲು ಕೊಡುವ ಮುಂಗಡ ಪ್ರತಿ ಸಿಕ್ಕಿದ್ದ ಕೆಲವೇ ಜನರನ್ನು ಬಿಟ್ಟರೆ, ಆ ಚರ್ಚೆಯಲ್ಲಿ ಸೇರಿಕೊಂಡ ಹೆಚ್ಚಿನವರು ಪುಸ್ತಕವನ್ನು ಕಂಡವರೇ ಅಲ್ಲ. ಚೀನಾ ಮೂಲದ ಲೇಖಕಿ, ತಾವು ಮನಸ್ಸಿನಲ್ಲಿಟ್ಟುಕೊಂಡಿದ್ದು ಏಷ್ಯಾದಲ್ಲಿ ನಡೆಯುವ ಜೀತ ಮತ್ತು ಮಾನವ ಸಾಗಣೆ ಎಂದು ವಿವರಿಸಿ ಪ್ರಕಟಣೆಯನ್ನು ತಡೆಹಿಡಿದರು. ಪರಿಷ್ಕರಿಸಿದ ಪುಸ್ತಕ ಅದೇ ವರ್ಷದ ನವೆಂಬರಿನಲ್ಲಿ ಹೊರಬಂತು.

ಇದಕ್ಕೂ ಎಂಟು ವರ್ಷ ಮೊದಲು, 2011ರ ಮಾರ್ಚಿನಲ್ಲಿ, ಜೋಸೆಫ್ ಲೆಲಿವೆಲ್ಡ್ ಅವರು ಗಾಂಧೀಜಿಯ ಬಗ್ಗೆ ಬರೆದ ಜೀವನಚರಿತ್ರೆಯನ್ನು ಗುಜರಾತ್ ಸರ್ಕಾರ ನಿಷೇಧಿಸಿತು. ಆಗಿನ್ನೂ ಆ ಪುಸ್ತಕ ಭಾರತದಲ್ಲಿ ಬಿಡುಗಡೆಯಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ದಿನಗಳ ಒಡನಾಡಿ, ವಾಸ್ತುಶಿಲ್ಪಿ ಹರ್ಮನ್ ಕ್ಯಾಲನ್‌ಬಾಕ್ ಅವರೊಂದಿಗಿನ ಗಾಂಧೀಜಿಯ ಸ್ನೇಹದ ಬಗ್ಗೆ ವಿದೇಶಿ ಪತ್ರಿಕೆಗಳ ವಿಮರ್ಶೆಗಳು ಮಾಡಿದ ವ್ಯಾಖ್ಯಾನವೇ ಸಿಟ್ಟಿಗೆ ಕಾರಣವಾಗಿತ್ತು. ಅಂದರೆ ವಿಮರ್ಶೆಗಳ ಬಗ್ಗೆ ಹುಟ್ಟಿದ ಕೋಪ ಪುಸ್ತಕದ ತಲೆಗೆ ಬಂತು.

ಸ್ಟಾರ್ ರೇಟಿಂಗಿನ ವ್ಯವಸ್ಥೆ ಇಂಥ ಅವಸರದ ತೀರ್ಪಿಗೆ ಸುಲಭದ ದಾರಿ ಮಾಡಿಕೊಟ್ಟಿದೆ. ಓದುಗರ ಅತಿ ದೊಡ್ಡ ತಾಣವಾದ ಗುಡ್‌ರೀಡ್ಸ್‌ನಲ್ಲಿ ಪುಸ್ತಕ ಬಿಡುಗಡೆಯಾಗುವ ಮೊದಲೇ ರೇಟಿಂಗ್ ಬೀಳಲು ಅವಕಾಶವಿದೆ, ಏಕೆಂದರೆ ಮುಂಗಡ ಪ್ರತಿಗಳನ್ನು ಓದಿದವರೂ ಅಲ್ಲಿ ಬರೆಯುತ್ತಾರೆ. 2023ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಪ್ರಕರಣವೊಂದರಲ್ಲಿ, ಫ್ಯಾಂಟಸಿ ಬರೆಯುತ್ತಿದ್ದ ಹೊಸ ಲೇಖಕರೊಬ್ಬರು ಸುಳ್ಳು ಖಾತೆಗಳನ್ನು ತೆರೆದು, ತಮ್ಮಂತೆಯೇ ಮೊದಲ ಪುಸ್ತಕ ತರುತ್ತಿದ್ದ ಇತರರಿಗೆ, ಅವರಲ್ಲೂ ಹಲವು ಬಿಳಿಯರಲ್ಲದ ಲೇಖಕರಿಗೆ, ಕಡಿಮೆ ಸ್ಟಾರ್ ಸುರಿದದ್ದು ಪತ್ತೆಯಾಯಿತು. ಪ್ರಕಾಶಕರು ಅವರ ಪುಸ್ತಕವನ್ನೇ ಕೈಬಿಟ್ಟರು. ಆದ್ದರಿಂದ ಪ್ರತಿಕ್ರಿಯೆ ಬರೆದ ದಿನಾಂಕವನ್ನು ಪುಸ್ತಕ ಬಿಡುಗಡೆಯಾದ ದಿನಾಂಕದೊಂದಿಗೆ ಹೋಲಿಸಿ ನೋಡುವುದು ನನ್ನ ಮೊದಲ ಕೆಲಸ. ಬಿಡುಗಡೆಗೆ ಮುಂಚೆ ಬಂದದ್ದಾದರೆ, ಮುಂಗಡ ಪ್ರತಿ ಓದಿದ್ದಾರೆಂಬುದಕ್ಕೆ ಆ ಬರಹದಲ್ಲೇ ಗುರುತು ಸಿಗಬೇಕು: ಒಂದು ದೃಶ್ಯ, ಒಂದು ಅಡ್ಡಪಾತ್ರದ ಹೆಸರು, ಪುಸ್ತಕದ ನಡುಭಾಗದಲ್ಲಿ ಕಥೆ ಹಿಡಿದ ತಿರುವು. ಜೀವನಚರಿತ್ರೆಯ ವಿಷಯದಲ್ಲಾದರೆ, ಪ್ರತಿಕ್ರಿಯೆಯಲ್ಲಿರುವ ಸಂಗತಿಗಳೆಲ್ಲ ಪುಸ್ತಕವಿಲ್ಲದೆಯೂ ಸುದ್ದಿಪತ್ರಿಕೆಯಿಂದ ತಿಳಿಯುವಂಥವೇ ಎಂದು ಪರೀಕ್ಷಿಸಬೇಕು. ಹೌದಾದರೆ, ಬರೆದವರು ನಾಯಕರಿಗೆ ಸ್ಟಾರ್ ಕೊಟ್ಟಿದ್ದಾರೆ, ಪುಸ್ತಕಕ್ಕೆ ಕೊಟ್ಟಿಲ್ಲ.

ಮೂರು ಸ್ಟಾರ್ ಕೊಟ್ಟವರ ಮಾತು ಎರಡೂ ಕಡೆ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಅವರು ಏನನ್ನೋ ಇಷ್ಟಪಟ್ಟಿದ್ದಾರೆ, ಯಾವುದೋ ಒಂದರಿಂದ ನಿರಾಶರಾಗಿದ್ದಾರೆ, ಮತ್ತು ಎರಡನ್ನೂ ಬೇರ್ಪಡಿಸಿ ಹೇಳುವ ಹೊಣೆ ಅವರ ಮೇಲಿರುತ್ತದೆ.

ಪುಟದಲ್ಲಿ ಯಾರಿದ್ದಾರೆ, ಯಾರಿಲ್ಲ

ಎಲ್ಲರನ್ನೂ ಒಳಗೊಳ್ಳುವುದು ಎಂಬ ಮಾತು ಫ್ಯಾಂಟಸಿಗಷ್ಟೇ ಅಂಟಿಕೊಂಡಿದೆ. ನನ್ನ ಮಟ್ಟಿಗೆ ಅದೇ ಅಳತೆಗೋಲನ್ನು ಜೀವನಚರಿತ್ರೆಗೂ ಹಿಡಿಯಬೇಕು, ಮತ್ತು ಹಾಗೆ ಹಿಡಿದ ಓದುಗರ ಪ್ರತಿಕ್ರಿಯೆಗಳೇ ನನಗೆ ಅತ್ಯಂತ ಬೆಲೆಬಾಳುವಂಥವು.

ಮೊದಲು ಫ್ಯಾಂಟಸಿಯನ್ನು ನೋಡೋಣ. ಪುಟದಲ್ಲಿ ಸ್ಪಷ್ಟವಾಗಿ ಬರೆದದ್ದನ್ನೂ ಓದುಗರು ಕಾಣದೆ ಹೋಗಬಹುದು. ಭವಿಷ್ಯದ ಕಲ್ಪಿತ ರಾಷ್ಟ್ರವೊಂದರಲ್ಲಿ ನಡೆಯುವ 'ದ ಹಂಗರ್ ಗೇಮ್ಸ್' ಕಾದಂಬರಿ 2008ರಲ್ಲಿ ಬಂದಾಗಲೇ ರೂ ಎಂಬ ಪುಟ್ಟ ಹುಡುಗಿಯ ಮೈಬಣ್ಣ ಗಾಢ ಕಂದು ಎಂದು ಬರೆದಿತ್ತು. 2012ರ ಚಲನಚಿತ್ರದಲ್ಲಿ ಆ ಪಾತ್ರವನ್ನು ಕಪ್ಪು ಬಾಲನಟಿ ವಹಿಸಿದಾಗ, ಪುಸ್ತಕವನ್ನು ಓದಿ ಮೆಚ್ಚಿದ್ದೇವೆಂದವರಲ್ಲೇ ಕೆಲವರು ಬೆಚ್ಚಿಬಿದ್ದರು, ಸಿಟ್ಟನ್ನೂ ಕಾರಿದರು. ಅಷ್ಟು ವರ್ಷ ಅವರ ಮನಸ್ಸಿನಲ್ಲಿದ್ದ ರೂ ಬಿಳಿಯ ಹುಡುಗಿ. ಉರ್ಸುಲಾ ಲೆ ಗ್ವಿನ್ ತಮ್ಮ ಅರ್ತ್‌ಸೀ ಕಥೆಗಳ ನಾಯಕನಿಗೆ 1968ರಲ್ಲೇ ಕೆಂಗಂದು ಬಣ್ಣವನ್ನು ಕೊಟ್ಟಿದ್ದರೂ ಹಲವು ಮುಖಪುಟಗಳಲ್ಲಿ ಅವನು ಬೆಳ್ಳಗಾದ. 2004ರಲ್ಲಿ ಟೆಲಿವಿಷನ್ ರೂಪಾಂತರವೂ ಬಿಳಿಯ ನಟನನ್ನೇ ಆರಿಸಿದಾಗ ಅವರು ಬಹಿರಂಗವಾಗಿ ಪ್ರತಿಭಟಿಸಿ ಬರೆದರು. 2009ರಲ್ಲಿ ಕಪ್ಪು ಹುಡುಗಿಯೊಬ್ಬಳು ನಿರೂಪಿಸುವ ಹದಿಹರೆಯದವರ ಕಾದಂಬರಿಯೊಂದರ ಅಮೆರಿಕನ್ ಮುದ್ರಣದ ಮುಖಪುಟದಲ್ಲಿ ನೀಳಗೂದಲಿನ ಬಿಳಿಯ ಹುಡುಗಿಯನ್ನು ಇಟ್ಟಿದ್ದನ್ನು ಕಂಡು ಓದುಗರು ದನಿಯೆತ್ತಿದರು; ಪ್ರಕಾಶಕರು ಮುಖಪುಟವನ್ನು ಬದಲಾಯಿಸಿದರು. ಓದುಗರ ಪ್ರತಿಕ್ರಿಯೆ ನೇರವಾಗಿ ಫಲ ಕೊಟ್ಟ ಸಂದರ್ಭವದು.

ಜೀವನಚರಿತ್ರೆಯಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. ನಾಯಕರು ನಡುವೆ ಇರಲೇಬೇಕು. ಅವರ ಅಧಿಕಾರ ಯಾರ ಮೇಲೆ ಬಿತ್ತೋ ಆ ಜನ ಪುಟದಲ್ಲಿ ಇದ್ದಾರೆಯೇ ಎಂಬುದು ಪ್ರಶ್ನೆ. ನ್ಯೂಯಾರ್ಕಿನ ರಸ್ತೆ, ಸೇತುವೆ, ಉದ್ಯಾನಗಳನ್ನು ದಶಕಗಳ ಕಾಲ ತಮ್ಮ ಮುಷ್ಟಿಯಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸಸ್ ಬಗ್ಗೆ ರಾಬರ್ಟ್ ಕ್ಯಾರೊ ಬರೆದ 'ದ ಪವರ್ ಬ್ರೋಕರ್' 1974ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪಡೆಯಿತು. ಅದರಲ್ಲಿ ಒಂದು ಅಧ್ಯಾಯ ಒಂದೇ ಒಂದು ಮೈಲಿ ಉದ್ದದ ಹೆದ್ದಾರಿಯ ಬಗ್ಗೆ ಇದೆ. ಆ ಮೈಲಿಗಾಗಿ ಈಸ್ಟ್ ಟ್ರೆಮಾಂಟ್ ಎಂಬ ಬಡಾವಣೆಯಲ್ಲಿ ಸುಮಾರು 1,530 ಕುಟುಂಬಗಳು ಮನೆ ಕಳೆದುಕೊಂಡವು. ಕ್ಯಾರೊ ಆ ನಿವಾಸಿಗಳನ್ನು ಹುಡುಕಿ ಹೋಗಿ ಮಾತನಾಡಿಸಿದ್ದರಿಂದ, ಅವರ ಮನೆಗಳೂ ಮೆಟ್ಟಿಲುಗಳೂ ಅವರು ನಡೆಸಿದ ಸಭೆಗಳೂ ಆ ಪುಟಗಳಲ್ಲಿ ಉಳಿದುಕೊಂಡಿವೆ. ಅಧಿಕಾರವೆಂದರೇನು ಎಂಬುದು ಆ ಅಧ್ಯಾಯದಲ್ಲಿ ನನಗೆ ತಿಳಿದಷ್ಟು ಬೇರಾವ ಭಾಷಣದಿಂದಲೂ ತಿಳಿದಿಲ್ಲ.

ಅದೇ ಪುಸ್ತಕದಲ್ಲಿ ಒಂದು ದೊಡ್ಡ ಖಾಲಿ ಜಾಗವೂ ಇದೆ. ಮೋಸಸ್ ಯೋಜನೆಗಳನ್ನು ಎದುರಿಸಿ ಹೆಸರಾದ ಜೇನ್ ಜೇಕಬ್ಸ್ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರ ಬಗ್ಗೆ ಬರೆದ ಅಧ್ಯಾಯವನ್ನು ಪುಸ್ತಕದ ಗಾತ್ರ ತಗ್ಗಿಸುವಾಗ ಕೈಬಿಡಬೇಕಾಯಿತೆಂದು ಕ್ಯಾರೊ ಹೇಳಿಕೊಂಡಿದ್ದಾರೆ. ಹತ್ತು ಲಕ್ಷ ಪದಗಳನ್ನು ಮೀರಿದ್ದ ಹಸ್ತಪ್ರತಿಯಿಂದ ಮೂರನೆಯ ಒಂದು ಪಾಲು ಹೋಗಿತ್ತು. ಜೇಕಬ್ಸ್ ಎಲ್ಲಿ ಎಂದು ಕೇಳುವ ಓದುಗರು ನನ್ನ ಬಳಗದ ಹಿರಿಯರಂತೆಯೇ ಪದಸೂಚಿಯಿಂದ ಓದಲು ಶುರುಮಾಡಿದವರು. ಅಂಥವರ ಪ್ರತಿಕ್ರಿಯೆ ಸಿಕ್ಕರೆ ಅದನ್ನು ಕೊನೆಯವರೆಗೆ ಓದಿ. ಪುಸ್ತಕದಲ್ಲಿ ಏನಿಲ್ಲವೆಂದು ತಿಳಿದು ಓದಲು ಕೂತರೆ, ಇರುವುದರ ಬೆಲೆಯೂ ಸರಿಯಾಗಿ ತಿಳಿಯುತ್ತದೆ.

ಸಮಯ, ಶ್ರಮ, ವಯಸ್ಸು

ಓದಲು ಬೇಕಾದ ಸಮಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹದಿಹರೆಯದವರ ಫ್ಯಾಂಟಸಿ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಪುಟ, ವಾರಾಂತ್ಯವೊಂದರಲ್ಲಿ ಮುಗಿಸುವವರಿದ್ದಾರೆ. ಆದರೆ ಬಹಳಷ್ಟು ಕೃತಿಗಳು ಸರಣಿಯ ಭಾಗ. ಮೊದಲ ಪುಸ್ತಕದ ಬಗ್ಗೆ ಬಂದ ಉತ್ಸಾಹ ಎರಡನೆಯದಕ್ಕೆ ಬರುವ ಹೊತ್ತಿಗೆ ಉಳಿದಿದೆಯೇ ಎಂದು ನೋಡದೆ ಸರಣಿಯನ್ನು ಕೊಳ್ಳಬಾರದು. ರಾಜಕೀಯ ಜೀವನಚರಿತ್ರೆಗಳಲ್ಲಿ ಆರುನೂರು ಪುಟ ದಾಟುವವು ಹಲವು, ಮತ್ತು ಅಲ್ಲೂ ಕಾಯುವ ಕಷ್ಟ ಇಲ್ಲದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಬಗ್ಗೆ ಇದೇ ಕ್ಯಾರೊ ಬರೆಯುತ್ತಿರುವ ಚರಿತ್ರೆಯ ನಾಲ್ಕು ಸಂಪುಟಗಳು 1982, 1990, 2002 ಮತ್ತು 2012ರಲ್ಲಿ ಬಂದವು. ಐದನೆಯದಕ್ಕಾಗಿ ಓದುಗರ ಕಾಯುವಿಕೆ ಅಲ್ಲಿಂದ ಶುರುವಾಯಿತು.

ವಯಸ್ಸಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಹದಿಹರೆಯದವರ ಪುಸ್ತಕವೆಂದರೆ ದೊಡ್ಡವರಿಗಲ್ಲ ಎಂದು ಭಾವಿಸುವವರು, ಅಮೆರಿಕದ ಬೌಕರ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ಗಮನಿಸಬೇಕು: 12ರಿಂದ 17ರ ವಯಸ್ಸಿನವರಿಗೆಂದು ಪ್ರಕಟವಾದ ಪುಸ್ತಕಗಳನ್ನು ಕೊಂಡವರಲ್ಲಿ 55 ಶೇಕಡಾ ಜನ ಹದಿನೆಂಟು ದಾಟಿದವರು. ಇದರ ಒಂದು ಪರಿಣಾಮ ಪ್ರತಿಕ್ರಿಯೆಗಳಲ್ಲಿ ಕಾಣುತ್ತದೆ. "ಪಾತ್ರಗಳು ದುಡುಕಿನವು, ಪ್ರೇಮ ಅತಿಯಾಯಿತು" ಎಂಬ ದೂರು ಮೂವತ್ತೈದರ ಓದುಗರದ್ದಾದರೆ, ಅದೇ ದುಡುಕು ಹದಿನಾರರ ಓದುಗರಿಗೆ ಪುಸ್ತಕದ ಜೀವಾಳ. ಮಕ್ಕಳಿಗಾಗಿ ಆರಿಸುವವರು ಹದಿಹರೆಯದವರೇ ಬರೆದ ಪ್ರತಿಕ್ರಿಯೆಗಳನ್ನು, ಶಾಲಾ ಗ್ರಂಥಪಾಲಕರ ಮಾತುಗಳನ್ನು ಬೇರೆಯಾಗಿ ಹುಡುಕಿ ಓದುವುದು ಒಳ್ಳೆಯದು. ಅದೇ ರೀತಿ, ಹದಿನಾರರವರಿಗೆ ಜೀವನಚರಿತ್ರೆ ಭಾರವಾದೀತೆಂಬ ಅಂಜಿಕೆಯೂ ಬೇಡ. ಹೋರಾಟವೊಂದರಲ್ಲಿ ಆಸಕ್ತಿ ಹುಟ್ಟಿದ ಮಗುವಿಗೆ ಆ ಹೋರಾಟದ ನಾಯಕಿಯ ಚರಿತ್ರೆಯ ಒಂದು ಅಧ್ಯಾಯ ಸಾಕಾಗಬಹುದು. ಇಡೀ ಪುಸ್ತಕವನ್ನು ಮುಗಿಸಲೇಬೇಕೆಂಬ ನಿಯಮವನ್ನು ಹೇರದಿದ್ದರೆ ಆಯಿತು.

ಹಾಗಾದರೆ ಯಾವುದನ್ನು ಆರಿಸುವುದು

ಒಬ್ಬ ವ್ಯಕ್ತಿಯಾಗಿ ಬೇರೆಯವರ ಮೈಯೊಳಗೆ ನಿಂತು ಜಗತ್ತನ್ನು ನೋಡಬೇಕೆಂಬ ಹಂಬಲ ಈಗ ನಿಮ್ಮಲ್ಲಿ ಪ್ರಬಲವಾಗಿದ್ದರೆ ಫ್ಯಾಂಟಸಿಯನ್ನು ಎತ್ತಿಕೊಳ್ಳಿ. ಅದರ ಪ್ರತಿಕ್ರಿಯೆಗಳಲ್ಲಿ ಮೂರು ಸಂಗತಿಗಳನ್ನು ನಾನು ನೋಡುತ್ತೇನೆ. ಅಂಚಿನ ಪಾತ್ರ ತಾನಾಗಿ ತೀರ್ಮಾನಗಳನ್ನು ಮಾಡುತ್ತದೆಯೇ, ಇಲ್ಲವೇ ಇನ್ನೊಬ್ಬರ ಬೆಳವಣಿಗೆಗಾಗಿ ನೋವುಣ್ಣುತ್ತದೆಯೇ? ಅದರ ಗುರುತು ಕಥೆ ಮುಗಿಯುವವರೆಗೂ ಉಳಿಯುತ್ತದೆಯೇ? ಆ ಗುರುತನ್ನು ಹಂಚಿಕೊಂಡ ಓದುಗರು ಏನನ್ನುತ್ತಾರೆ, ಹಂಚಿಕೊಳ್ಳದವರು ಏನನ್ನುತ್ತಾರೆ? ಕೊನೆಯ ಪ್ರಶ್ನೆಗೆ ಸಿಕ್ಕ ಎರಡು ಉತ್ತರಗಳ ನಡುವೆ ಅಂತರ ದೊಡ್ಡದಿದ್ದರೆ ಮೊದಲನೆಯವರ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಅವರೂ ತಮ್ಮೊಳಗೆ ಒಮ್ಮತದಿಂದಿರುವುದಿಲ್ಲ ಎಂಬುದನ್ನು ಮರೆಯಬಾರದು. ಒಂದೇ ಊರಿನ, ಒಂದೇ ನಂಬಿಕೆಯ ಇಬ್ಬರು ಒಂದೇ ಪಾತ್ರವನ್ನು ಬೇರೆ ಬೇರೆಯಾಗಿ ಕಾಣುವುದು ಸಹಜ.

ಒಂದು ನಿರ್ಧಾರದ ಹಿಂದೆ ಯಾರ ಒತ್ತಡ, ಯಾರ ಅಂಜಿಕೆ, ಯಾರ ಲೆಕ್ಕಾಚಾರ ಇತ್ತು ಎಂಬುದನ್ನು ಬಿಡಿಸಿ ನೋಡುವ ಕುತೂಹಲ ಈಗ ಹೆಚ್ಚಾಗಿದ್ದರೆ ಜೀವನಚರಿತ್ರೆಯೇ ಸರಿ. ಅದರ ಪ್ರತಿಕ್ರಿಯೆಗಳಲ್ಲಿ ಟಿಪ್ಪಣಿ, ಆಕರ, ಸಂದರ್ಶನಗಳ ಪ್ರಸ್ತಾಪ ಇದೆಯೇ ನೋಡಿ. ಕುಟುಂಬದವರು ಅಥವಾ ಪಕ್ಷದವರು ಕಾಗದಪತ್ರಗಳನ್ನು ಕೊಟ್ಟಿದ್ದರೆ ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ಗಮನಿಸಿದ ಓದುಗರು ಸಿಕ್ಕರೆ ಅದು ಅದೃಷ್ಟ. ನಿಮ್ಮ ಒಲವಿಗೆ ವಿರುದ್ಧ ಒಲವಿರುವ ಓದುಗರು "ನಾನು ಇವರನ್ನು ಒಪ್ಪುವುದಿಲ್ಲ, ಆದರೂ ಈ ಅಧ್ಯಾಯ ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿತು" ಎಂದು ಬರೆದಿದ್ದರೆ, ಅದಕ್ಕಿಂತ ಗಟ್ಟಿಯಾದ ಶಿಫಾರಸು ನನಗೆ ಗೊತ್ತಿಲ್ಲ.

ಎರಡರಲ್ಲಿ ಯಾವುದೆಂದು ಇನ್ನೂ ತೀರ್ಮಾನವಾಗದಿದ್ದರೆ, ಕೊಳ್ಳುವ ಮೊದಲು ಎರಡನ್ನೂ ಗ್ರಂಥಾಲಯದಲ್ಲಿ ಒಂದು ಗಂಟೆ ಕೂತು ನೋಡಬಹುದು. ಫ್ಯಾಂಟಸಿಯನ್ನು ಮೊದಲ ಪುಟದಿಂದಲೇ ಓದಬೇಕು, ಅದರ ಲೋಕದ ನಿಯಮಗಳು ಅಲ್ಲೇ ತೆರೆದುಕೊಳ್ಳುತ್ತವೆ. ಮೂರು ಅಧ್ಯಾಯ ಕಳೆದರೂ ಆ ಲೋಕದಲ್ಲಿ ಯಾರ ಬಗ್ಗೆಯೂ ಕಳವಳ ಹುಟ್ಟದಿದ್ದರೆ ಮುಚ್ಚಿಡಿ. ಜೀವನಚರಿತ್ರೆಯನ್ನು ಮಾತ್ರ ಮನೆತನ, ಹುಟ್ಟು, ಬಾಲ್ಯಗಳಿಂದ ಆರಂಭಿಸಬೇಡಿ. ನಿಮಗೆ ಮೊದಲೇ ಸ್ವಲ್ಪ ತಿಳಿದಿರುವ ಒಂದು ಘಟನೆಯನ್ನು ಪದಸೂಚಿಯಲ್ಲಿ ಹುಡುಕಿ, ಆ ಪುಟಕ್ಕೆ ಹೋಗಿ, ಅಲ್ಲಿನ ಅಡಿಟಿಪ್ಪಣಿಯ ಸಮೇತ ಹತ್ತು ಪುಟ ಓದಿ. ನಿಮಗೆ ತಿಳಿದದ್ದನ್ನೇ ಲೇಖಕರು ಹೊಸ ಆಧಾರದೊಂದಿಗೆ ಹೇಳುತ್ತಿದ್ದಾರೆ ಅನ್ನಿಸಿದರೆ ಆ ಪುಸ್ತಕವನ್ನು ಮನೆಗೆ ತನ್ನಿ.